ಮೌಸಣ್ಣ

ನಮ್ಮೂರ ಬಸ್‌ಸ್ಟ್ಯಾಂಡಿನ ಹಿಂದೆ, ಕೊಬ್ಬರಿ ಮಂಡಿಗೆ ಹೋಗುವ ದಾರಿಯಲ್ಲಿ, ಎಂಟಡಿ ಅಗಲದ ಒಂದು ಅಂಗಡಿ ಇದೆ. ಬೋರ್ಡಿನಲ್ಲಿ ಡಿಟಿಪಿ, ಜೆರಾಕ್ಸ್, ಲ್ಯಾಮಿನೇಷನ್, ಫ್ಲೆಕ್ಸ್, ಮದುವೆ ಕಾರ್ಡ್, ಪಹಣಿ ಎಂದೆಲ್ಲ ಬರೆದು, ಕಟ್ಟಕಡೆಗೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಕಲಾವಿದರು’ ಎಂದಿದೆ. ಒಳಗೆ ಕೂತವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಈಗ ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ಊರು ಅವನನ್ನು ಕರೆಯುವುದು ಮೌಸಣ್ಣ ಅಂತ.

ನೀವು ಮೌಸಣ್ಣನನ್ನು ನೋಡಿಲ್ಲದೆ ಇರಬಹುದು, ಅವನ ಕೃತಿಗಳಿಂದ ತಪ್ಪಿಸಿಕೊಂಡಿರಲಾರಿರಿ. ಹುಟ್ಟುಹಬ್ಬದ ನಾಯಕರ ಹೆಗಲ ಹಿಂದಿನಿಂದ ಘರ್ಜಿಸುವ ಸಿಂಹ, ಗಣಪತಿ ಪೆಂಡಾಲಿನ ಕಮಾನು, ಜಾತ್ರೆಯ ತೇರು, ಗೃಹಪ್ರವೇಶದ ಕಾರ್ಡಿನ ಉಕ್ಕುವ ಹಾಲು, ಎಲ್ಲವೂ ಅವನದೇ, ಇಲ್ಲವೇ ಪಕ್ಕದ ತಾಲ್ಲೂಕಿನ ಅವನಂಥವನದು. ಹುಡುಗನಾಗಿದ್ದಾಗ ಒಬ್ಬ ಬೋರ್ಡ್ ಪೇಂಟರ್ ಹತ್ತಿರ ಡಬ್ಬ ಹಿಡಿಯುತ್ತಿದ್ದ. ಬರೆಯಲು ಬ್ರಷ್ ಕೈಗೆ ಸಿಗುವ ಹೊತ್ತಿಗೆ ಊರಿಗೆ ಕಂಪ್ಯೂಟರ್ ಬಂತು, ಗುರುಗಳು ಕೆಲಸವಿಲ್ಲದೆ ಕೂತರು, ಶಿಷ್ಯ ಕುಂಚ ಬಿಟ್ಟು ಇಲಿ ಹಿಡಿದ.

ಹಿಡಿದದ್ದು ಬಿಟ್ಟೇ ಇಲ್ಲ. ಮೊದಲಿನದು ಗುಂಡಿನ ಮೌಸು. ವಾರಕ್ಕೊಮ್ಮೆ ಅದನ್ನು ಅಂಗಾತ ಮಲಗಿಸಿ, ಹೊಟ್ಟೆಯ ಮುಚ್ಚಳ ತಿರುಗಿಸಿ, ಗುಂಡನ್ನು ಲುಂಗಿಯ ಅಂಚಿನಲ್ಲಿ ಒರೆಸಿ, ಒಳಗಿನ ಉರುಳೆಗಳಿಗೆ ಮೆತ್ತಿದ ಕೊಳೆಯನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದ. ಆ ಹೊತ್ತಿನಲ್ಲಿ ಗಿರಾಕಿಗಳು ಮಾತಾಡಿಸುವಂತಿರಲಿಲ್ಲ. ಈಗಿನದು ಬೆಳಕಿನ ಮೌಸು, ಹೊಟ್ಟೆಯಲ್ಲಿ ಪುಟ್ಟದೊಂದು ಕ್ಯಾಮೆರಾ ಇರುವಂಥದ್ದು. ಅದಕ್ಕೆ ಗಾಜಿನ ಮೇಜು ಆಗಿಬರುವುದಿಲ್ಲ, ನುಣುಪಿನಲ್ಲಿ ದಿಕ್ಕು ತಪ್ಪುತ್ತದೆ. ಮೌಸಣ್ಣನ ಮೇಜೋ ಅಚ್ಚುಕಟ್ಟಾದ ಗಾಜಿನದು. ಹಾಗಾಗಿ ಮೌಸಿನಡಿಗೆ ಒಂದು ಮದುವೆ ಕಾರ್ಡು.

ಆ ಕಾರ್ಡಿಗೊಂದು ಚರಿತ್ರೆ ಇದೆ. ಕನ್ನಡದ ಅಕ್ಷರಗಳನ್ನು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ, ಪ್ರೆಸ್ಸಿನವನ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುತ್ತದೋ ಇಲ್ಲವೋ ಎಂದು, ಕಳಿಸುವ ಮೊದಲು ಅಷ್ಟನ್ನೂ ‘ಕರ್ವ್ಸ್’ ಮಾಡಿಬಿಡುತ್ತಾರೆ. ಅಲ್ಲಿಗೆ ಅಕ್ಷರ ಅಕ್ಷರವಾಗಿ ಉಳಿಯುವುದಿಲ್ಲ, ಚಿತ್ರವಾಗುತ್ತದೆ. ಚಿತ್ರದಲ್ಲಿ ಕಾಗುಣಿತ ಯಾರು ನೋಡುತ್ತಾರೆ? ಹೀಗಾಗಿ ಒಂದು ಮದುವೆಯ ನಾನೂರು ಕಾರ್ಡುಗಳಲ್ಲಿ ‘ವಿವಾದ ಮಹೋತ್ಸವದ ಕರೆಯೋಲೆ’ ಎಂದು ಅಚ್ಚಾಗಿ ಬಂತು. ಬೀಗರು ಬಂದು ಗಲಾಟೆ ಮಾಡಿದ್ದರಿಂದ ಅದು ನಿಜವೂ ಆಯಿತು. “ಮೊದ್ಲೇ ಒಂದ್ಮಾತು ಹೇಳಿದ್ರೆ ‘ದ’ದ ಹೊಟ್ಟೆ ಒಸಿ ಎಳ್ದು ‘ಹ’ ಮಾಡ್ಕೊಡ್ತಿದ್ದೆ ಸಾರ್, ಮೂರು ನೋಡಿನ ಕೆಲಸ” ಎಂಬುದು ಅವನ ಇವತ್ತಿನ ವಾದವೂ ಹೌದು. ಆ ನಾನೂರು ಕಾರ್ಡು ಒಂದೊಂದಾಗಿ ಮೌಸಿನಡಿ ಸವೆಯುತ್ತಿವೆ. ಅವನ ಸರ್ವೀಸು ಮುಗಿಯುವವರೆಗೂ ಸಾಲುತ್ತವೆ.

ನೋಡ್ ಎಂದರೆ ಗೆರೆಯ ಮೇಲಿನ ಚುಕ್ಕಿ. ಮೌಸಣ್ಣನ ಚಿತ್ರಕಲೆಯೆಲ್ಲ ಇದರಲ್ಲೇ ಇದೆ. ಮೌಸು ಹಿಡಿದು ಸುಮ್ಮನೆ ಒಂದು ಗೆರೆ ಎಳೆಯಿರಿ, ಬಸ್ಸಿನಲ್ಲಿ ನಿಂತುಕೊಂಡು ಸಹಿ ಹಾಕಿದಂತೆ ಬರುತ್ತದೆ. ಅವನು ಎಳೆಯುವುದೇ ಇಲ್ಲ. ಇಲ್ಲೊಂದು ಕ್ಲಿಕ್, ಅಲ್ಲೊಂದು ಕ್ಲಿಕ್, ಎಫ್ 10 ಒತ್ತಿ ನಡುವಿನ ಗೆರೆಯನ್ನು ಹಿಡಿದು ಬಗ್ಗಿಸುವುದು. ಚುಕ್ಕಿ ಇಟ್ಟು ಬಳ್ಳಿ ಸುತ್ತುವ ರಂಗೋಲಿಯೇ, ಬಾಗಿಲ ಮುಂದಲ್ಲ, ಪರದೆಯ ಮೇಲೆ. ಮೌಸಿಗೆ ಒತ್ತಿದರೆ ದಪ್ಪ, ತೇಲಿಸಿದರೆ ಸಣ್ಣ ಎಂಬ ವಿವೇಚನೆ ಇಲ್ಲವಲ್ಲ, ಅದಕ್ಕೆ ಮೀಸೆಯ ಒಂದು ಎಳೆ ಬರೆಯಲು ಎರಡು ಗೆರೆ ಬಗ್ಗಿಸಿ, ತುದಿಗಳನ್ನು ಕೂಡಿಸಿ, ನಡುವೆ ಕಪ್ಪು ತುಂಬುತ್ತಾನೆ. ಎಡಮೀಸೆ ಆದ ಮೇಲೆ ಅದನ್ನೇ ಮಗುಚಿ ಬಲಮೀಸೆ. ನಮ್ಮ ಜಿಲ್ಲೆಯ ನಾಯಕರ ಮೀಸೆಗಳು ಎರಡೂ ಕಡೆ ತೂಗಿದಂತೆ ಸಮವಾಗಿರುವುದು ಈ ಕಾರಣಕ್ಕೆ.

ಈ ಬಾಗುಗೆರೆಗಳನ್ನು ಪ್ರಸಿದ್ಧಗೊಳಿಸಿದವರು ಫ್ರಾನ್ಸಿನ ರೆನೋ ಕಾರು ಕಂಪನಿಯ ಎಂಜಿನಿಯರ್ ಪಿಯರ್ ಬೆಜಿಯೆ, 1960ರ ದಶಕದಲ್ಲಿ ಕಾರಿನ ಮೈಯ ಬಾಗು ಬಳುಕುಗಳನ್ನು ಯಂತ್ರಕ್ಕೆ ತಿಳಿಸಲು ಬಳಸಿದ ಲೆಕ್ಕಾಚಾರ ಇದು ಎಂದು ನಾನೊಮ್ಮೆ ವಿವರಿಸಿದೆ. ಮೌಸಣ್ಣ ಮೀಸೆಯಿಂದ ಕಣ್ಣು ತೆಗೆಯದೆ, “ಅವ್ರಿಗೆ ಅಡಿ ಲೆಕ್ಕದಲ್ಲಿ ಕೊಡ್ತಿದ್ರಾ ಸಾರ್, ಸಂಬಳಾನಾ?” ಎಂದು ಕೇಳಿದ. ಮೌಸಿನ ಚರಿತ್ರೆ ಮಾತ್ರ ಅವನಿಗೆ ಹಿಡಿಸಿತು. 1964ರಲ್ಲಿ ಅಮೆರಿಕದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಯೋಚಿಸಿ ಬಿಲ್ ಇಂಗ್ಲಿಷ್ ಮಾಡಿಕೊಟ್ಟ ಮೊದಲನೆಯ ಮೌಸು ಮರದ್ದು, ಅಡಿಯಲ್ಲಿ ಎರಡು ಚಕ್ರ, ಮೇಲೊಂದು ಗುಂಡಿ ಎಂದಾಗ ಕುರ್ಚಿ ತಿರುಗಿಸಿ ಕೂತ. ಅವರಪ್ಪ ಬಾಗಿಲು ಕೆತ್ತುತ್ತಿದ್ದವರು. “ಮರದ್ದಾ? ನೋಡಿ, ಅಲ್ಲಿಗೆ ನಾನು ಕುಲಕಸುಬು ಬಿಟ್ಟಂಗಾಗ್ಲಿಲ್ಲ” ಎಂದ.

ಅವನ ನಿಜವಾದ ಕಷ್ಟ ಮೌಸಲ್ಲ, ಬೆನ್ನ ಹಿಂದೆ ನಿಲ್ಲುವವರು. ಒಂದು ಹುಟ್ಟುಹಬ್ಬದ ಫ್ಲೆಕ್ಸಿಗೆ ಕನಿಷ್ಠ ಆರು ಜನ ಬರುತ್ತಾರೆ, ಆರೂ ಜನರ ಬೆರಳು ಪರದೆಗೆ ತಾಗುತ್ತದೆ.

“ಅಣ್ಣಂದು ಒಸಿ ಬೆಳ್ಳಗೆ ಮಾಡಣ್ಣೋ.”

“ಆಗ್ಲೇ ಬೆಳ್ಳಗೆ ಮಾಡಿದೀನಿ. ಇನ್ನೂ ಮಾಡಿದ್ರೆ ಮೂಗು ಕಾಣಲ್ಲ.”

“ಮೂಗು ಹೋದ್ರೆ ಹೋಗ್ಲಿ ಬಿಡಣ್ಣ. ಕೈಗೊಂದು ಕಡಗ ಹಾಕು. ನನ್ ಫೋಟೋ ಯಾಕೆ ಅವನ್ದಕ್ಕಿಂತ ಸಣ್ಣಕ್ಕೈತೆ?”

ಕೆಳಗಿನ ಸಾಲಿನ ‘ಶುಭ ಕೋರುವವರು’ ಎಂಬ ಆ ಹದಿನೆಂಟು ತಲೆಗಳ ತಾರತಮ್ಯ ಮೌಸಣ್ಣನಿಗೆ ಗೊತ್ತಿರುವಷ್ಟು ಪಕ್ಷದ ಅಧ್ಯಕ್ಷರಿಗೂ ಗೊತ್ತಿಲ್ಲ. ಯಾರ ತಲೆ ಯಾರ ಭುಜಕ್ಕಿಂತ ಎಷ್ಟು ಮಿಲಿಮೀಟರ್ ಮೇಲಿರಬೇಕು ಎಂಬುದು ಅವನ ಮಣಿಕಟ್ಟಿನಲ್ಲಿದೆ. ಈಚೆಗೆ ಹುಡುಗರು ಎಐ ಕೈಲಿ ಬರೆಸಿದ ಚಿತ್ರವನ್ನೇ ಮೊಬೈಲಿನಲ್ಲಿ ತರುತ್ತಾರೆ. ಸಿಂಹ ಚೆನ್ನಾಗಿರುತ್ತದೆ, ನಾಯಕರ ಕೈಗೆ ಆರು ಬೆರಳು. ಆರನೆಯದನ್ನು ಅಳಿಸಲು ಮೌಸಣ್ಣ ನೂರು ರೂಪಾಯಿ ತೆಗೆದುಕೊಳ್ಳುತ್ತಾನೆ. ಬೆರಳೊಂದಕ್ಕೆ.

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಆನಿಮೇಷನ್ ಓದುವವನು. ಹೋದ ವರ್ಷ ಊರಿಗೆ ಬಂದಾಗ ಮೌಸಣ್ಣ ಮೀಸೆ ಮಾಡುವುದನ್ನು ನೋಡಿ ಅವನ ಎದೆ ಕರಗಿತು. “ಮಾಮಾ, ಪಾಪ ಅವರು ಸೋಪಿನ ಬಿಲ್ಲೆ ಹಿಡ್ಕೊಂಡು ಚಿತ್ರ ಬರೀತಿದ್ದಾರೆ” ಎಂದವನೇ ತನ್ನ ಹಳೆಯ ಪೆನ್ ಟ್ಯಾಬ್ಲೆಟನ್ನು ನನ್ನ ಕೈಲಿ ಕಳಿಸಿದ. ಕಪ್ಪು ಹಲಗೆ, ಅದರ ಮೇಲೆ ಆಡಿಸಲು ಒಂದು ಪೆನ್ನು. 8192 ಹಂತದ ಒತ್ತಡ ಇದಕ್ಕೆ ಗೊತ್ತಾಗುತ್ತದೆ ಎಂದು ಡಬ್ಬಿಯ ಮೇಲೆ ಬರೆದದ್ದನ್ನು ಓದಿ ಹೇಳಿದೆ.

“ಮನೇಲಿರೋ ಒತ್ತಡಾನೇ ಸಾಕು ಸಾರ್” ಎಂದ ಮೌಸಣ್ಣ.

ಆದರೂ ನನ್ನ ಮುಖ ನೋಡಿಕೊಂಡು ಎರಡು ದಿನ ಒದ್ದಾಡಿದ. ತೊಂದರೆ ಇಷ್ಟೇ: ಮೌಸನ್ನು ಎತ್ತಿ ಇತ್ತ ಇಟ್ಟರೆ ಪರದೆಯ ಬಾಣ ಬಿಟ್ಟ ಜಾಗದಲ್ಲೇ ಕಾದಿರುತ್ತದೆ, ಪಳಗಿದ ಎತ್ತಿನಂತೆ. ಪೆನ್ನು ಹಾಗಲ್ಲ. ಹಲಗೆಯ ಮೂಲೆ ಎಂದರೆ ಪರದೆಯ ಮೂಲೆ, ಎತ್ತಿ ಇಟ್ಟಲ್ಲಿಗೇ ಬಾಣ ಹಾರುತ್ತದೆ. ಇಪ್ಪತ್ತು ವರ್ಷ ಎತ್ತಿಟ್ಟು ಎತ್ತಿಟ್ಟು ರೂಢಿಯಾದ ಕೈ ಅದು. ಹೂವಿನ ಹಾರ ಬರೆಯಲು ಹೋದರೆ ಗೆರೆ ಶಾಸಕರ ಕತ್ತಿನ ಸುತ್ತ ಹಗ್ಗದಂತೆ ಬಿದ್ದಿತು. ಅವರ ಕಡೆಯ ಹುಡುಗ ಹಿಂದೆಯೇ ನಿಂತಿದ್ದ.

ನಾನೂ ಬಿಡಲಿಲ್ಲ. ನನ್ನ ಬತ್ತಳಿಕೆಯ ಕೊನೆಯ ಬಾಣ ಬಿಟ್ಟೆ. “ಅಲ್ಲಯ್ಯಾ, ಗಣಪತಿಯನ್ನೇ ತಗೋ. ಇಲಿ ಕಾಲಬುಡದಲ್ಲೇ ಇತ್ತು. ಆದರೂ ವ್ಯಾಸರು ಭಾರತ ಹೇಳುವಾಗ ದಂತ ಮುರಿದು ಪೆನ್ನು ಮಾಡಿಕೊಂಡನೇ ಹೊರತು ಇಲಿಯಲ್ಲಿ ಬರೆಯಲಿಲ್ಲ.”

ಮೌಸಣ್ಣ ಗೋಡೆಯ ಕ್ಯಾಲೆಂಡರಿನ ಗಣಪತಿಯನ್ನು ತುಸು ಹೊತ್ತು ನೋಡಿದ. “ಅದ್ಕೇ ಸಾರ್ ಒಂದು ದಂತ ಹೋಗಿದ್ದು” ಎಂದು ಮೌಸನ್ನು ಮತ್ತೆ ಕಾರ್ಡಿನ ಮೇಲಿಟ್ಟ.

ಅಂದಿನಿಂದ ಆ ಪೆನ್ನು ಅವನ ಕಿವಿಯ ಮೇಲಿದೆ, ಅವರಪ್ಪ ಪೆನ್ಸಿಲ್ ಸಿಕ್ಕಿಸಿಕೊಳ್ಳುತ್ತಿದ್ದ ಜಾಗದಲ್ಲಿ. ಗಂಭೀರವಾಗಿ ಕಾಣುತ್ತಾನೆ ಎಂಬುದನ್ನು ಒಪ್ಪಲೇಬೇಕು.

ಮೊನ್ನೆ ಮುಸ್ಸಂಜೆಯಲ್ಲಿ ಹಳ್ಳಿಯಿಂದ ಇಬ್ಬರು ಬಂದರು, ಅಣ್ಣ ತಮ್ಮ, ತಲೆ ಬೋಳಿಸಿಕೊಂಡಿದ್ದರು. ನಾಳಿದ್ದು ತಾಯಿಯ ತಿಥಿ, ಫೋಟೋ ಬೇಕು. ಇದ್ದದ್ದು ವೋಟರ್ ಕಾರ್ಡಿನ ಒಂದು ಚಿತ್ರ. ಆ ಚಿತ್ರದಲ್ಲಿ ಯಾರ ತಾಯಿಯೂ ತಾಯಿಯಂತೆ ಕಾಣುವುದಿಲ್ಲ. ಸಾಮಾನ್ಯವಾಗಿ ಇಂಥದ್ದಕ್ಕೆ ಮೌಸಣ್ಣನಲ್ಲಿ ರೆಡಿ ಸೀರೆಗಳಿವೆ, ಕತ್ತಿನ ಮೇಲೆ ಯಾರ ತಲೆಯನ್ನಾದರೂ ಕೂರಿಸಬಹುದು. ನಮ್ಮ ತಾಲ್ಲೂಕಿನ ಅನೇಕ ಅಜ್ಜಿಯರು ಒಂದೇ ರೇಷ್ಮೆ ಸೀರೆಯುಟ್ಟು ಸ್ವರ್ಗಸ್ಥರಾಗಿದ್ದಾರೆ. ಆದರೆ ಅಣ್ಣನಾದವನು, “ಅವ್ವ ರೇಷ್ಮೆ ಉಟ್ಟಿದ್ದೇ ಇಲ್ಲ” ಎಂದ. ಮೌಸಣ್ಣ ಶಟರ್ ಅರ್ಧ ಎಳೆದು ಕೂತ. ನನ್ನ ಜೆರಾಕ್ಸ್ ಅಲ್ಲೇ ಉಳಿಯಿತು. ಚೌಕಳಿ ಸೀರೆಯ ಚೌಕಳಿಗಳನ್ನು ಒಂದೊಂದಾಗಿ ಬರೆದ, ಸೆರಗು ತಲೆ ಮೇಲೆ ಬಂದಲ್ಲಿ ಅವನ್ನು ಬಗ್ಗಿಸಿದ. ಕಣ್ಣಿನ ಸುತ್ತ ಸುಕ್ಕಿಗೆ ಸುಕ್ಕು. ಮೂಗುತಿ ಇಟ್ಟಾಗ ತಮ್ಮ, “ಬಲಗಡೀಕಣ್ಣೋ” ಎಂದ. ಇಡೀ ಮುಖ ಮಗುಚಿದರೆ ಒಂದು ಕ್ಲಿಕ್ಕು. ಆದರೆ ಕೆನ್ನೆಯ ಮಚ್ಚೆಯೂ ಆ ಕಡೆ ಹೋಗುತ್ತದೆ. ಮೂಗುತಿಯನ್ನಷ್ಟೇ ಎತ್ತಿ ಆ ಕಡೆ ಇಟ್ಟು, ಅದರ ಹರಳಿಗೆ ಬೆಳಕು ಹಾಕಿದ.

ಇಬ್ಬರೂ ಬಹಳ ಹೊತ್ತು ಪರದೆ ನೋಡಿದರು. ತಮ್ಮ ಟವಲಿನಲ್ಲಿ ಮುಖ ಒರೆಸಿಕೊಂಡು, ಹೆಸರು ತಾರೀಕು ಬರೆದುಕೊಡಲು ಚೀಟಿ ಎಳೆದುಕೊಂಡ, ಮೌಸಣ್ಣನ ಕಿವಿಗೆ ಕೈ ಹಾಕಿ ಪೆನ್ನು ತೆಗೆದುಕೊಂಡ. ಗೀಚಿದ. ಕೊಡವಿದ. ಅಂಗೈ ಮೇಲೆ ಗೀಚಿ ನೋಡಿದ.

“ಇದು ಬರೀತಾನೇ ಇಲ್ವಲ್ಲಣ್ಣ.”

“ಹೂಂ, ನಂಗೂ ಬರೀಲಿಲ್ಲ” ಎಂದು ಮೌಸಣ್ಣ ಡ್ರಾಯರಿನಿಂದ ಒಂದು ರೆನಾಲ್ಡ್ಸ್ ತೆಗೆದುಕೊಟ್ಟ.