ಮಾವನ ಬಿಡಿ ಬ್ಯಾಟರಿ, ಅಳಿಯನ ಪವರ್‌ಬ್ಯಾಂಕ್

ತಮಿಳುನಾಡಿನ ಹೊಸೂರು ಕಡೆಯ ಉದ್ದನಪಲ್ಲಿಯಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಕಲ್ಲುಚಪ್ಪಡಿಯ ಬೇಲಿ. ಎದೆಮಟ್ಟದ್ದು. ಮೊಣಕೈ ಊರಿಕೊಂಡು ಮಾತಾಡಲು ಹೇಳಿ ಮಾಡಿಸಿದ ಎತ್ತರ. ಆ ಕಡೆ ನಿಲ್ಲುವವರನ್ನು ನಾನು ಮಾವ ಅನ್ನುತ್ತೇನೆ, ಅವರು ನನ್ನನ್ನು ಅಳಿಯ ಅನ್ನುತ್ತಾರೆ. ನೆಂಟಸ್ತಿಕೆ ಏನೂ ಇಲ್ಲ. ಹೆಣ್ಣು ಕೊಟ್ಟು ತಂದಿಲ್ಲವಾದ್ದರಿಂದಲೇ ಇಷ್ಟು ವರ್ಷ ಮಾತು ಬಿಡದೆ ಇದ್ದೇವೆ ಎಂಬುದು ನಮ್ಮ ಮನೆಯವಳ ಅಭಿಪ್ರಾಯ.

ಮಾವನಿಗೆ ನನ್ನ ಪವರ್‌ಬ್ಯಾಂಕ್ ಕಂಡರೆ ಆಗುವುದಿಲ್ಲ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಡಬ್ಬಿ, ನಡುವೆ ಇಷ್ಟುದ್ದ ವೈರು ಇಟ್ಟುಕೊಂಡು ನಾನು ಬೇಲಿಯ ಹತ್ತಿರ ಹೋದರೆ ಸಾಕು.

“ಏನ್ ಅಳಿಯಾ, ಅದಿನ್ನೂ ಕುಡೀತಾನೇ ಐತಾ?”

“ಇನ್ನೊಂದರ್ಧ ಗಂಟೆ ಮಾವ.”

“ಅರ್ಧ ಗಂಟೆ! ನಮ್ದು ನೋಡು. ಮುಚ್ಚಳ ಬಿಚ್ಚು, ಒಂದ್ನ ಕೀಳು, ಇನ್ನೊಂದ್ನ ಹಾಕು, ಮುಚ್ಚು. ಬೀಡಿ ಹಚ್ಚೋ ಹೊತ್ತು ಸಾಕು.”

ಅವರದು ನೋಕಿಯಾ 1100. ಮಗ ಕೊಟ್ಟ ಸ್ಮಾರ್ಟ್‌ಫೋನೂ ಇದೆ, ಅದು ಟೊಮೇಟೊ ಕ್ರೇಟಿನ ಫೋಟೋ ಕಳಿಸಲಿಕ್ಕೆ ಮಾತ್ರ. ರಾಯಕೋಟೆ ಮಂಡಿಯವರ ಹತ್ತಿರ ರೇಟು ಕೇಳುವುದು, ಲಾರಿಯವನನ್ನು ಬಯ್ಯುವುದು ಎಲ್ಲ ನೋಕಿಯಾದಲ್ಲೇ. ತೆಲುಗು, ತಮಿಳು, ಕನ್ನಡ ಮೂರರಲ್ಲೂ ಬಯ್ಯಬಲ್ಲವರಿಗೆ ಚಾರ್ಜು ಬೇಗ ಮುಗಿಯುತ್ತದೆ. ಹಾಗಾಗಿ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಬಿಡಿ ಬ್ಯಾಟರಿ.

ಆ ಫೋನಿನ ಬಗ್ಗೆ ನನಗೂ ಗೌರವವಿದೆ. 2003ರಲ್ಲಿ ಬಂದದ್ದು. ನೆತ್ತಿಯ ಮೇಲೆ ಟಾರ್ಚು, ದೂಳು ಹೊಗದ ಕೀಲಿಮಣೆ; ನಮ್ಮಂಥ ದೇಶಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ್ದು. ಜಗತ್ತಿನಲ್ಲಿ 25 ಕೋಟಿ ಮಾರಾಟವಾಯಿತು. ಅದರ ಬೆನ್ನೊಳಗಿದ್ದ ಬಿಎಲ್-5ಸಿ ಬ್ಯಾಟರಿಯಂತೂ ಫೋನಿಗಿಂತ ಗಟ್ಟಿ ಆಯುಸ್ಸಿನದು. ನೋಕಿಯಾದ ಹತ್ತಾರು ಮಾಡೆಲ್ಲುಗಳಿಗೆ ಅದೊಂದೇ ಬ್ಯಾಟರಿ. ಮದರಾಸಿನ ಹತ್ತಿರದ ಶ್ರೀಪೆರಂಬದೂರಿನಲ್ಲಿ 2006ರಲ್ಲಿ ಶುರುವಾದ ನೋಕಿಯಾ ಕಾರ್ಖಾನೆ 2014ರ ನವೆಂಬರಿನಲ್ಲಿ ಬಾಗಿಲು ಹಾಕಿತು. ಬ್ಯಾಟರಿಯ ಅಳತೆ ಮಾತ್ರ ಉಳಿದುಕೊಂಡಿತು. ಇವತ್ತು ಸಂತೆಯಲ್ಲಿ ಸಿಗುವ ಎಫ್‌ಎಂ ರೇಡಿಯೋ, ಭಜನೆ ಹಾಡುವ ಸ್ಪೀಕರು ಡಬ್ಬಿ ಬಿಚ್ಚಿ ನೋಡಿ, ಒಳಗೆ ಅದೇ ಕೂತಿರುತ್ತದೆ.

2012ರ ಸುಮಾರಿಗೆ ತಮಿಳುನಾಡಿನ ಹಳ್ಳಿಗಳಲ್ಲಿ ದಿನಕ್ಕೆ ಹತ್ತು ಹನ್ನೆರಡು ಗಂಟೆ ಕರೆಂಟೇ ಇರುತ್ತಿರಲಿಲ್ಲ. ಬಿಡಿ ಬ್ಯಾಟರಿಯ ಬೆಲೆ ಗೊತ್ತಾಗಿದ್ದು ಆಗ. ಫೋನು ಹೊಲಕ್ಕೆ ಹೋಗುತ್ತಿತ್ತು, ಇನ್ನೊಂದು ಬ್ಯಾಟರಿ ಕ್ಲಿಪ್ಪು ಹಾಕಿಸಿಕೊಂಡು ಮನೆಯ ಪ್ಲಗ್ಗಿನಲ್ಲಿ ಕರೆಂಟಿಗೆ ಕಾಯುತ್ತಿತ್ತು. ಕಾಯುವ ಕೆಲಸ ಬ್ಯಾಟರಿಯದು, ಫೋನಿನದಲ್ಲ, ಫೋನಿನವನದಂತೂ ಅಲ್ಲವೇ ಅಲ್ಲ.

“ನಿನ್ ಡಬ್ಬೀನೂ ಮನೇಲಿ ಕಾಯ್ತೈತಲ್ಲ, ಏನ್ ವ್ಯತ್ಯಾಸ ಅಂತೀಯಾ?” ಎಂದು ಮಾವನೇ ನನ್ನ ಪರವಾಗಿ ಕೇಳಿ, “ನೀನೂ ಕಾಯ್ತಿದ್ದೀಯಲ್ಲ, ಅದೇ ವ್ಯತ್ಯಾಸ” ಎಂದು ಅವರೇ ತೀರ್ಪು ಕೊಟ್ಟುಬಿಟ್ಟರು.

ತೀರ್ಪು ತಪ್ಪೇನಲ್ಲ. ಲೆಕ್ಕ ಹಾಕಿದರೆ ಇನ್ನೂ ಕಹಿ. ನನ್ನ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 10,000 ಎಂಎಎಚ್ ಅಂತಿದೆ, ಫೋನಿನದು 5,000. ಎರಡು ಸಲ ತುಂಬಬೇಕಲ್ಲವೇ? ತುಂಬುವುದಿಲ್ಲ. ಆ ಹತ್ತು ಸಾವಿರ ಒಳಗಿನ ಸೆಲ್ಲಿನ 3.7 ವೋಲ್ಟಿನ ಲೆಕ್ಕ. ಅಂದರೆ 37 ವ್ಯಾಟ್-ಅವರ್. ಹೊರಗೆ ಬರುವಾಗ ಅದು 5 ವೋಲ್ಟಿಗೆ ಏರಬೇಕು, ಫೋನಿನೊಳಗೆ ಹೋಗಿ ಮತ್ತೆ ಇಳಿಯಬೇಕು. ಏರಿ ಇಳಿಯುವಾಗ ಒಂದಷ್ಟು ಬಿಸಿಯಾಗಿ ಹೋಗುತ್ತದೆ. ಡಬ್ಬಿ ಕೈಗೆ ಬೆಚ್ಚಗಾಗುವುದು ಅದಕ್ಕೇ. ಕೊನೆಗೆ ಸಿಗುವುದು ಸುಮಾರು ಒಂದೂಕಾಲು ಸಲದ ಚಾರ್ಜು. ಅದೇ ಡಬ್ಬಿಯ ಬೆನ್ನ ಮೇಲೆ ಇರುವೆಯಷ್ಟು ಅಕ್ಷರದಲ್ಲಿ ‘ರೇಟೆಡ್ ಕೆಪ್ಯಾಸಿಟಿ’ ಅಂತ ಆರು ಸಾವಿರದ ಆಸುಪಾಸಿನ ಇನ್ನೊಂದು ಸಂಖ್ಯೆ ಅಚ್ಚಾಗಿರುತ್ತದೆ. ಕೊಳ್ಳುವಾಗ ನೋಡಬೇಕಾದ್ದು ಅದನ್ನೇ. ಬಿಡಿ ಬ್ಯಾಟರಿಗೆ ಈ ತಾಪತ್ರಯವಿಲ್ಲ, ಒಳಗಿದ್ದದ್ದೆಲ್ಲ ಫೋನಿಗೇ.

ಹಾಗಂತ ಪೂರ್ತಿ ಶರಣಾಗಲು ನಾನು ತಯಾರಿಲ್ಲ. ಮಾವನ ಜೇಬಿನಲ್ಲಿ ಬ್ಯಾಟರಿಯ ಜೊತೆ ಪಂಪ್‌ಸೆಟ್ಟಿನ ಮನೆಯ ಬೀಗದ ಕೈ, ಚಿಲ್ಲರೆ, ಸುಣ್ಣದ ಡಬ್ಬಿ ಎಲ್ಲ ಇರುತ್ತದೆ. ಬೀಗದ ಕೈ ಬ್ಯಾಟರಿಯ ಲೋಹದ ಚುಕ್ಕೆಗಳಿಗೆ ಅಡ್ಡ ಕೂತರೆ ಜೇಬೇ ಸುಡಬಹುದು. ಇನ್ನೊಂದು ವಿಷಯ, ನನ್ನ ಡಬ್ಬಿ ಯಾವ ಫೋನಿಗಾದರೂ ಆಗುತ್ತದೆ. ಮಗಳ ಇಯರ್‌ಫೋನಿಗೂ, ಬಸ್ಸಿನಲ್ಲಿ ಪಕ್ಕ ಕೂತವರಿಗೂ. ಬಿಡಿ ಬ್ಯಾಟರಿ ಹಾಗಲ್ಲ. ನೋಕಿಯಾ ಹತ್ತಾರು ಮಾಡೆಲ್ಲಿಗೆ ಒಂದೇ ಅಳತೆ ಇಟ್ಟಿದ್ದಕ್ಕೆ ಮಾವ ಇವತ್ತಿಗೂ ಬಚಾವು. ಬೆನ್ನು ಬಿಚ್ಚುವ ಸ್ಮಾರ್ಟ್‌ಫೋನುಗಳ ಕಾಲದಲ್ಲಿ ಒಂದೊಂದು ಮಾಡೆಲ್ಲಿಗೂ ಒಂದೊಂದು ಅಳತೆ. ಫೋನು ಅಂಗಡಿಯಿಂದ ಇಳಿದ ಎರಡೇ ವರ್ಷಕ್ಕೆ ಅದರ ಒರಿಜಿನಲ್ ಬ್ಯಾಟರಿ ಸಿಗುತ್ತಿರಲಿಲ್ಲ, ಸಿಕ್ಕಿದ್ದೆಲ್ಲ ಡೂಪ್ಲಿಕೇಟು. ಬೆನ್ನು ಬಿಚ್ಚಿದರೆ ಸಾಲದು, ಒಳಗೆ ಹಾಕಲು ಏನಾದರೂ ಸಿಗಬೇಕಲ್ಲ. ಬಿಡಿ ಬ್ಯಾಟರಿಯನ್ನು ಹೊಗಳುವವರು ಇದನ್ನು ನುಂಗಿಹಾಕುತ್ತಾರೆ.

“ಸುಡ್ತೈತೆ ಅಂದ್ಯಲ್ಲ, ನೋಕಿಯಾದೋರು ಬ್ಯಾಟರಿ ವಾಪಸ್ ತಗಂಡಿದ್ ಗ್ಯಾಪಕ ಐತಾ?” ಅಂದರು ಮಾವ.

ಇಲ್ಲದೆ ಏನು! 2007ರ ಆಗಸ್ಟು. ಜಪಾನಿನ ಮಾತ್ಸುಷಿತಾ ಕಂಪನಿ ಮಾಡಿಕೊಟ್ಟಿದ್ದ ಬಿಎಲ್-5ಸಿಗಳಲ್ಲಿ ಸುಮಾರು ನೂರು ಅತಿಯಾಗಿ ಬಿಸಿಯಾದ ಸುದ್ದಿ ಬಂದು, 4 ಕೋಟಿ 60 ಲಕ್ಷ ಬ್ಯಾಟರಿಗಳನ್ನು ಬೇಕಾದವರಿಗೆ ಪುಕ್ಕಟೆ ಬದಲಾಯಿಸಿಕೊಡುತ್ತೇವೆ ಎಂದು ನೋಕಿಯಾ ಸಾರಿತು. ಬ್ಯಾಟರಿಯ ಮೇಲಿನ 26 ಅಕ್ಷರದ ಗುರುತು ಓದಿ, ನಿಮ್ಮದು ಆ ಪೈಕಿಯದೋ ಅಲ್ಲವೋ ತಿಳಿದುಕೊಳ್ಳಬೇಕಿತ್ತು. ಕನ್ನಡಕ ಸಿಕ್ಕದವರು ಶಾಲೆಯ ಮಕ್ಕಳನ್ನು ಕೂರಿಸಿಕೊಂಡು ಓದಿಸಿದರು. ಫೋನು ಮಾತ್ರ ಅವರವರ ಕೈಯಲ್ಲೇ ಉಳಿಯಿತು. ನಂಬರು, ಮೆಸೇಜು, ಹಾವಿನ ಆಟದ ಸ್ಕೋರು ಯಾವುದೂ ಹೋಗಲಿಲ್ಲ.

ಇದರ ಪಕ್ಕಕ್ಕೆ 2016 ಇಟ್ಟು ನೋಡಿ. ಸ್ಯಾಮ್ಸಂಗಿನ ಗ್ಯಾಲಕ್ಸಿ ನೋಟ್ 7 ಬಂದ ಕೆಲವೇ ವಾರಗಳಲ್ಲಿ ಹೊತ್ತಿ ಉರಿಯತೊಡಗಿತು. ಆಗಲೂ ದೋಷ ಇದ್ದದ್ದು ಬ್ಯಾಟರಿಯಲ್ಲೇ. ಆದರೆ ಬೆನ್ನು ಅಂಟು ಹಾಕಿ ಮುಚ್ಚಿದ್ದು. ಬ್ಯಾಟರಿಯನ್ನು ಮಾತ್ರ ಕಿತ್ತು ಕೊಡುವ ದಾರಿಯೇ ಇಲ್ಲ. ಸುಮಾರು 25 ಲಕ್ಷ ಫೋನುಗಳನ್ನು ಇಡಿಯಾಗಿ ವಾಪಸು ಕರೆದರು. ಬದಲಿಗೆ ಕೊಟ್ಟವೂ ಸುಟ್ಟವು. ವಿಮಾನದೊಳಗೆ ಆ ಫೋನಿನ ಹೆಸರು ಹೇಳಿ ಎಚ್ಚರಿಸುವಂತಾಯಿತು. ಅಕ್ಟೋಬರಿನಲ್ಲಿ ಆ ಮಾಡೆಲ್ಲನ್ನೇ ನಿಲ್ಲಿಸಿದರು. ಮೊದಲನೆಯದರಲ್ಲಿ 4 ಕೋಟಿ 60 ಲಕ್ಷದ ತಕರಾರು ಅಂಗೈಯಗಲದ ಒಂದು ತುಂಡಿನಲ್ಲಿ ಮುಗಿಯಿತು. ಎರಡನೆಯದರಲ್ಲಿ 25 ಲಕ್ಷದ ತಕರಾರಿಗೆ ಫೋನಿಗೆ ಫೋನೇ ಹೋಯಿತು. ಬಿಚ್ಚುವ ಬೆನ್ನಿನ ಪರವಾಗಿ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಗೊತ್ತಿಲ್ಲ. ಮಾವನಿಗೆ ಹೇಳಲಿಲ್ಲ, ಹೇಳಿದ್ದರೆ ಆ ವಾರವೆಲ್ಲ ಬೇಲಿಯ ಹತ್ತಿರ ಸುಳಿಯುವಂತಿರಲಿಲ್ಲ.

ನಾನು ಬೇರೆ ದಾರಿ ಹಿಡಿದೆ. “ಮಾವ, ಹಸಿವು ಬೇರೆ, ಮುಪ್ಪು ಬೇರೆ.”

“ಯಾರ್ಗೆ?”

“ಫೋನಿಗೆ.”

ಸಾಯಂಕಾಲಕ್ಕೆ ಚಾರ್ಜು ಮುಗಿಯುವುದು ಹಸಿವು. ಅದಕ್ಕೆ ಪವರ್‌ಬ್ಯಾಂಕು ಸಾಕು. ಅರ್ಧ ಗಂಟೆ ಕಾದರೆ ಯಾರ ಟೊಮೇಟೊವೂ ಕೊಳೆಯುವುದಿಲ್ಲ. ಮೂರು ವರ್ಷ ಕಳೆದ ಮೇಲೆ ಬೆಳಿಗ್ಗೆ ತುಂಬಿಸಿದ್ದು ಮಧ್ಯಾಹ್ನಕ್ಕೇ ಬರಿದಾಗುವುದು ಮುಪ್ಪು. ಲಿಥಿಯಂ ಬ್ಯಾಟರಿ ಐನೂರು ಸಲ, ಈಚಿನವಾದರೆ ಸಾವಿರ ಸಲ ಪೂರ್ತಿ ಚಾರ್ಜಾದ ಮೇಲೆ ಮೊದಲಿನ ಶಕ್ತಿಯ ನೂರಕ್ಕೆ ಎಂಬತ್ತಕ್ಕೆ ಇಳಿಯುತ್ತದೆ. ಅಲ್ಲಿಂದಾಚೆಗೆ ಎಷ್ಟು ಪವರ್‌ಬ್ಯಾಂಕು ಹೊತ್ತರೂ ತೂತು ಬಿದ್ದಲ್ಲಿಗೆ ಸುರಿದದ್ದೇ ಬಂತು. 2017ರ ಡಿಸೆಂಬರಿನಲ್ಲಿ ಆಪಲ್ ಕಂಪನಿ ಬ್ಯಾಟರಿ ಹಳತಾದ ಐಫೋನುಗಳನ್ನು ತಾನೇ ನಿಧಾನ ಮಾಡುತ್ತಿದ್ದುದಾಗಿ ಒಪ್ಪಿಕೊಂಡು, ಹೊಸ ಬ್ಯಾಟರಿ ಹಾಕಿಕೊಡುವ ದರವನ್ನು 79 ಡಾಲರಿನಿಂದ 29ಕ್ಕೆ ಇಳಿಸಿತು. ಹಾಕಿಸಿಕೊಂಡವರ ಹಳೇ ಫೋನು ಮತ್ತೆ ಚುರುಕಾಯಿತು. ಹಳತಾಗಿದ್ದು ಫೋನಲ್ಲ, ಒಳಗಿದ್ದದ್ದು.

ನಾವಿಬ್ಬರೂ ಬೇಲಿಯ ಮೇಲೆ ಇಷ್ಟು ದಿನ ಕಾದಾಡಿದ್ದು ಹಸಿವಿನ ವಿಷಯಕ್ಕೆ. ಅಲ್ಲಿ ಗೆದ್ದವರು ಯಾರಾದರೂ ನಷ್ಟವಿಲ್ಲ. ನಷ್ಟವಾಗುತ್ತಿರುವುದು ಮುಪ್ಪಿನ ಕಡೆ. ಹೊಸೂರಿನ ಬಸ್ ಸ್ಟ್ಯಾಂಡಿನ ಸುತ್ತಮುತ್ತಲಿನ ಯಾವುದಾದರೂ ಫೋನ್ ರಿಪೇರಿ ಅಂಗಡಿಗೆ ಹೋಗಿ ನಿಂತು ನೋಡಿ. ಹುಡುಗ ಬಿಸಿಗಾಳಿ ಊದಿ ಬೆನ್ನಿನ ಗಮ್ಮನ್ನು ಕರಗಿಸಬೇಕು, ತೆಳ್ಳನೆಯ ಪ್ಲಾಸ್ಟಿಕ್ ತುಂಡು ತೂರಿಸಿ ಸಂದಿ ಮಾಡಬೇಕು, ಬ್ಯಾಟರಿಯನ್ನು ಬಾಗಿಸದ ಹಾಗೆ ಎಬ್ಬಿಸಬೇಕು. ಉಬ್ಬಿದ ಬ್ಯಾಟರಿಯಾದರೆ ಅವನ ಉಸಿರೂ ನಿಲ್ಲುತ್ತದೆ, ನಮ್ಮದೂ. ಮಾವನ ಬೀಡಿ ಹಚ್ಚುವ ಹೊತ್ತಿನ ಕೆಲಸ ಈಗ ಒಂದು ಆಪರೇಷನ್ನು. ಮೇಲೆ ಮಾತು ಬೇರೆ: “ವಾಟರ್‌ಪ್ರೂಫ್ ಹೋಗುತ್ತೆ ಸಾರ್, ಆಮೇಲೆ ಕೇಳಬೇಡಿ.”

ಅಂಟು ಹಾಕಿದ್ದೇ ನೀರು ತಡೆಯಲು ಎಂಬ ಈ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. 2014ರ ಗ್ಯಾಲಕ್ಸಿ ಎಸ್5ಗೆ ಉಗುರಿನಿಂದ ಕೀಳುವ ಪ್ಲಾಸ್ಟಿಕ್ ಬೆನ್ನಿತ್ತು, ಅಂಚಿಗೆ ರಬ್ಬರಿತ್ತು. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುವ ದರ್ಜೆಯೂ ಇತ್ತು. ಮುಂದಿನ ವರ್ಷದ ಎಸ್6 ಗಾಜಿನ ಬೆನ್ನು ಹಾಕಿಕೊಂಡು ತೆಳ್ಳಗೆ ಬಂತು. ಬ್ಯಾಟರಿ ಒಳಗೆ ಸೇರಿಕೊಂಡಿತು, ನೀರು ತಡೆಯುವ ದರ್ಜೆ ಹೋಗಿತ್ತು! ನೀರಿನ ನೆಪ ಆಮೇಲೆ ಹುಟ್ಟಿದ್ದು, ಮೊದಲು ಹುಟ್ಟಿದ್ದು ಶೋಕಿ.

ಯುರೋಪಿನವರು ಇದಕ್ಕೊಂದು ಕಾನೂನು ತಂದಿದ್ದಾರೆ. 2023ರಲ್ಲಿ ಮಾಡಿದ್ದು, ಕೈಯಲ್ಲಿ ಹಿಡಿಯುವ ಸಾಮಾನುಗಳ ಬ್ಯಾಟರಿಯನ್ನು ಕೊಂಡವನೇ ಸಾಧಾರಣ ಸಲಕರಣೆಯಿಂದ ತೆಗೆದು ಹಾಕುವಂತಿರಬೇಕು, 2027ರ ಫೆಬ್ರವರಿ 18ರಿಂದ. ಫೋನುಗಳಿಗೆ ಒಂದು ಕಳ್ಳದಾರಿಯನ್ನೂ ಇಟ್ಟಿದ್ದಾರೆ. ಸಾವಿರ ಸಲ ಚಾರ್ಜಾದ ಮೇಲೂ ನೂರಕ್ಕೆ ಎಂಬತ್ತು ಉಳಿಸಿಕೊಂಡು, ನೀರೂ ತಡೆದರೆ ರಿಯಾಯಿತಿ. ದೊಡ್ಡ ಕಂಪನಿಗಳು ಆ ದಾರಿಯಲ್ಲೇ ನುಸುಳುತ್ತವೆ ಅಂತ ನನ್ನ ಊಹೆ. ಆದರೂ ಸ್ಕ್ರೂಡ್ರೈವರಿಗೆ ಬಿಚ್ಚುವ ಬೆನ್ನು ಬಂದರೆ ನನಗೆ ಅಷ್ಟೇ ಸಾಕು. ದಿನಾ ಬಿಚ್ಚಿ ಹಾಕುವ ಆಸೆ ನನಗಿಲ್ಲ. ಮೂರು ವರ್ಷಕ್ಕೊಮ್ಮೆ ಬಿಸಿಗಾಳಿಯಿಲ್ಲದೆ ಆದರೆ ಸರಿ.

ಇಷ್ಟೆಲ್ಲ ಹೇಳುವ ಹೊತ್ತಿಗೆ ರಸ್ತೆಯಲ್ಲಿ ಸಾಲಾಗಿ ಬಸ್ಸುಗಳು ಹೋದವು. ಶಿಫ್ಟು ಬದಲಾಗುವ ಹೊತ್ತು. ಟಾಟಾದವರ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ನಮ್ಮ ಊರಿನ ಪಕ್ಕದಲ್ಲೇ. ಐಫೋನಿನ ಹೊರಕವಚ ತಯಾರಾಗುವುದು ಅಲ್ಲಿ. ಬಸ್ಸು ತುಂಬ ಹೆಣ್ಣುಮಕ್ಕಳು, ಜಾರ್ಖಂಡಿನಿಂದಲೂ ಬಂದವರಿದ್ದಾರೆ.

“ನಮ್ಮೂರಾಗೇ ಮಾಡ್ತಾರಲ್ಲ, ಒಂದ್ ಮುಚ್ಚಳ ಇಡ್ರಪ್ಪಾ ಅಂತ ಹೇಳಾಕಾಗಲ್ವಾ?” ಅಂದರು ಮಾವ.

“ಅದರ ನಕ್ಷೆ ಅಮೆರಿಕದಲ್ಲಿ ಬರೀತಾರೆ ಮಾವ.”

“ಅಂಗಾರೆ ಈ ಕಡೆ ಗಾಡಿ ಮಾಡೋರ್ಗಾದ್ರೂ ಹೇಳು.”

ಗಾಡಿಯ ವಿಷಯಕ್ಕೆ ಬಂದರೆ ಲೋಕ ಉಲ್ಟಾ ತಿರುಗುತ್ತಿದೆ. ನಮ್ಮ ಜಿಲ್ಲೆ ಕರೆಂಟು ಸ್ಕೂಟರಿನ ತವರು. ಹೊಸೂರಿನಲ್ಲಿ ಟಿವಿಎಸ್, ಏಥರ್, ಪೋಚಂಪಲ್ಲಿಯಲ್ಲಿ ಓಲಾ. ಇವರು ಹೆಸರು ಮಾಡಿದ್ದು ಗಾಡಿಯೊಳಗೇ ಬಿಗಿದ ಬ್ಯಾಟರಿಯಿಂದ. ಆದರೆ ಹೋಂಡಾದವರು ಬೆಂಗಳೂರಿನಲ್ಲಿ ಆಕ್ಟಿವಾ ಇ ಬಿಟ್ಟಿದ್ದಾರೆ. ಸೀಟು ಎತ್ತಿದರೆ ಒಂದೂವರೆ ಕಿಲೋವ್ಯಾಟ್-ಅವರಿನ ಎರಡು ಬ್ಯಾಟರಿ. ಖಾಲಿಯಾದರೆ ಅವರ ಕಟ್ಟೆಗೆ ಹೋಗಿ ಕೊಟ್ಟು, ತುಂಬಿದ್ದು ಎತ್ತಿಕೊಂಡು ಬರುವುದು. ಒಂದೊಂದೂ ಹತ್ತು ಕಿಲೋ ತೂಗುತ್ತದೆ. ಬೆರಳಲ್ಲಿ ಎತ್ತಬಹುದಾದ ಬ್ಯಾಟರಿಯನ್ನು ಅಂಟು ಹಾಕಿ ಮುಚ್ಚಿದ ಕಾಲದಲ್ಲೇ ಸೊಂಟ ಹಿಡಿಯುವಂಥದ್ದನ್ನು ಬಿಡಿಯಾಗಿ ಕೊಡುತ್ತಿದ್ದಾರೆ.

ಮಾವನ ಕಣ್ಣು ಅರಳಿತು. ಫೋನು ಮರೆತೇ ಹೋಯಿತು.

“ಅಂಗಾರೆ ಅವೆರಡೂ ತಂದು ಬೋರಿನ ಮೋಟಾರಿಗೆ ಹಾಕಿದ್ರೆ? ರಾತ್ರಿ ಮೂರ್ ಫೇಸ್ ಬರೋಗಂಟ ಕಾಯೋದ್ ತಪ್ತೈತಲ್ಲ.”

ನಾನು ಲೆಕ್ಕ ಹೇಳಿದೆ. ಐದು ಎಚ್‌ಪಿ ಮೋಟಾರಿಗೆ ಬೇಕಾದ್ದು ಸುಮಾರು 3.7 ಕಿಲೋವ್ಯಾಟ್. ಎರಡು ಬ್ಯಾಟರಿ ಸೇರಿದರೆ 3 ಕಿಲೋವ್ಯಾಟ್-ಅವರ್. ಏನೂ ಪೋಲಾಗದಿದ್ದರೂ ಮುಕ್ಕಾಲು ಗಂಟೆ. ಅದನ್ನು ಮೂರು ಫೇಸಿಗೆ ತಿರುಗಿಸಲು ಇನ್ವರ್ಟರು ಬೇರೆ. ಅದರ ಬೆಲೆಗೆ ಇನ್ನೊಂದಷ್ಟು ಡ್ರಿಪ್ ಪೈಪೇ ಬರುತ್ತದೆ.

“ಮುಕ್ಕಾಲ್ ಗಂಟೇಲಿ ಟೊಮೇಟೊ ಸಾಲು ಅರ್ಧಾನೂ ನೆನೆಯಲ್ಲ” ಎಂದು ಮಾವ ಮೊಣಕೈ ಎತ್ತಿದರು. “ಗೌರ್ಮೆಂಟು ಪುಕ್ಸಟ್ಟೆ ಕರೆಂಟ್ ಕೊಡ್ತೈತೆ. ಅದ್ರ ಮುಂದೆ ದುಡ್ ಕೊಟ್ಟು ಬ್ಯಾಟರಿ ತರಾಕೆ ನಂಗೇನ್ ತಲೆ ಕೆಟ್ಟೈತಾ? ಬರೋ ಹೊತ್ಗೆ ಎದ್ದಿದ್ರಾಯ್ತು.”