ಮೆಣಸಿನ ರಾಣಿಯವರಿಗೊಂದು ಬಹಿರಂಗ ಪತ್ರ

ಗೇರುಸೊಪ್ಪೆಯ ಮಹಾರಾಣಿ ಚೆನ್ನಭೈರಾದೇವಿಯವರ ಸನ್ನಿಧಾನಕ್ಕೆ,

ಕುಮಟಾದ ಮೇಷ್ಟ್ರೊಬ್ಬನ ಸಾಷ್ಟಾಂಗ ನಮಸ್ಕಾರಗಳು.

ಪದವಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ತಿದ್ದುವುದು ನನ್ನ ಪಾಲಿಗೆ ಬಂದ ಕೆಲಸ. ಭಟ್ಕಳ, ಹೊನ್ನಾವರ, ಕುಮಟಾದ ಹುಡುಗರು ಈ ವರ್ಷವೂ ತಮ್ಮನ್ನೇ ಹಿಡಿದುಕೊಂಡಿದ್ದಾರೆ. ಊರ ಪಕ್ಕದ ವಿಷಯ, ಬಸ್ ಚಾರ್ಜೂ ಉಳಿತಾಯ. ನಿನ್ನೆ ಒಬ್ಬ ತಂದ ಪ್ರಬಂಧದ ಮೂರನೇ ಪುಟದಲ್ಲಿ ತಾವು 1552ರಿಂದ 1606ರವರೆಗೆ 54 ವರ್ಷ ಆಳಿ, ಕೆಳದಿಯ ವೆಂಕಟಪ್ಪ ನಾಯಕನಿಗೆ ಸೆರೆಸಿಕ್ಕಿದಿರಿ. ಐದನೇ ಪುಟದಲ್ಲಿ, 1608ರಲ್ಲಿ, ಮಿರ್ಜಾನ್ ಕೋಟೆ ಕಟ್ಟಿಸಿದಿರಿ. ಸೆರೆಯಲ್ಲಿದ್ದುಕೊಂಡೇ ಕೋಟೆ! ಕೇಳಿದರೆ, “ಎರಡಕ್ಕೂ ಇಂಟರ್‌ನ್ಯಾಷನಲ್ ಜರ್ನಲ್ ಆಧಾರ ಇದೆ ಸರ್, ಐಎಸ್‌ಎಸ್‌ಎನ್ ನಂಬರೂ ಇದೆ” ಎಂದ.

ನಂಬರ್ ಪ್ಲೇಟ್ ಇದ್ದ ಗಾಡಿಗೆ ಬ್ರೇಕೂ ಇರಬೇಕೆಂದು ಎಲ್ಲಿದೆ? ಸಿನಿಮಾ ಪತ್ರಿಕೆಯೂ ಆ ನಂಬರ್ ಪಡೆಯಬಹುದು.

ನಮ್ಮ ಹುಡುಗರ ಲೆಕ್ಕ ಸರಳ, ತಾಯಿ. ಕನ್ನಡದಲ್ಲಿದ್ದರೆ ಜನಪ್ರಿಯ, ಇಂಗ್ಲಿಷಿನಲ್ಲಿ, ಎರಡು ಕಾಲಮ್ಮಿನಲ್ಲಿದ್ದರೆ ವಿದ್ವತ್ತು. ಶರಾವತಿಯ ದಂಡೆಗೆ ಹೋಗಿ, ಚತುರ್ಮುಖ ಬಸದಿಯ ನಾಲ್ಕೂ ಬಾಗಿಲಲ್ಲಿ ಇಣುಕಿ, “ಊರವರು ಹೀಗೆನ್ನುತ್ತಾರೆ” ಎಂದು ಪ್ರಾಮಾಣಿಕವಾಗಿ ಬರೆದ ಭಾನುವಾರದ ಪುರವಣಿಯವನು ಕೆಳಗಿನ ಸಾಲಿಗೆ. ಅದನ್ನೇ ಇಂಗ್ಲಿಷಿಗಿಳಿಸಿ, “ಊರವರು” ಎಂಬ ಮಾತನ್ನು ಕಿತ್ತುಹಾಕಿ, ದುಡ್ಡು ಕಟ್ಟಿ ನಾಲ್ಕೇ ದಿನದಲ್ಲಿ ಅಚ್ಚು ಹಾಕಿಸಿದವನು ಮೇಲಿನ ಸಾಲಿಗೆ.

ಇದೇ ಹುಡುಗರ ಅಮ್ಮಂದಿರು ಮೀನುಪೇಟೆಯಲ್ಲಿ ಬಂಗಡೆಯ ಕಿವಿರೆತ್ತಿ, ಕೆಂಪಗಿದೆಯೇ ಎಂದು ನೋಡದೆ ಸೆರಗಿನ ಗಂಟು ಬಿಚ್ಚುವವರಲ್ಲ. ಲೇಖನಕ್ಕೂ ಕಿವಿರು ಇರುತ್ತದೆ, ಪುಟದ ಬುಡದಲ್ಲಿ. ಯಾವ ಶಾಸನ, ಎಲ್ಲಿ ಅಚ್ಚಾಗಿದೆ, ಯಾರು ಒಪ್ಪಿಲ್ಲ, ಅಚ್ಚಿಗೆ ಮುನ್ನ ವಿಷಯ ಬಲ್ಲ ಇನ್ನೊಬ್ಬರು ಓದಿ ತಕರಾರು ತೆಗೆದಿದ್ದರೇ? ಈ ಹುಡುಗನ ಕಟ್ಟಿನಲ್ಲಿ ಹನ್ನೆರಡು ಲೇಖನಗಳಿದ್ದವು. ಪೋರ್ಚುಗೀಸರು ತಮ್ಮನ್ನು ‘ರೈನಾ ದ ಪಿಮೆಂತಾ’, ಮೆಣಸಿನ ರಾಣಿ ಎಂದು ಕರೆದರೆಂದು ಎಲ್ಲವೂ ಹೇಳುತ್ತವೆ. ಯಾವ ಪೋರ್ಚುಗೀಸ, ಯಾವ ಕಾಗದದಲ್ಲಿ ಎಂದು ಹನ್ನೊಂದು ಹೇಳುವುದಿಲ್ಲ. ಹನ್ನೆರಡನೆಯದು ಆ ಗೋಜಿಗೆ ಇಳಿದು, ಅಡಿಟಿಪ್ಪಣಿಯಲ್ಲಿ ಒದ್ದಾಡಿ, ಕೊನೆಗೆ “ಬಹುಶಃ” ಎಂದಿತ್ತು. ಅದಕ್ಕೆ ಕೆಂಪು ಶಾಯಿಯಲ್ಲಿ ಕಾಟು ಬಿದ್ದಿದೆ. “ಇವರಿಗೇ ಗ್ಯಾರಂಟಿ ಇಲ್ಲ ಸರ್, ಬಿಟ್ಟೆ.”

ಇಬ್ನ್ ಬತೂತನ ಪಾಡೂ ಬೇರೆಯಲ್ಲ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆ ಕಂಡೆನೆಂದು 14ನೇ ಶತಮಾನದ ಆ ಪ್ರವಾಸಿ ಹೇಳಿದ್ದಾನೆ. ಅವನ ಬರಹ ಜನಪ್ರಿಯ ಲೇಖನವೂ ಅಲ್ಲ, ವಿದ್ವತ್ ಲೇಖನವೂ ಅಲ್ಲ, ಕಣ್ಣಾರೆ ಕಂಡವನ ಸಾಕ್ಷಿ ಎಂದೆ. ಪ್ರಾಜೆಕ್ಟಿನ ಆಧಾರಪಟ್ಟಿಯ ನಮೂನೆಯಲ್ಲಿ ಅಂಥ ಕಾಲಮ್ಮಿಲ್ಲವೆಂದು ಹುಡುಗಿಯೊಬ್ಬಳು ಅವನನ್ನು ‘ಇತರೆ’ಗೆ ಸೇರಿಸಿದಳು.

ಮೌಖಿಕ ಪರೀಕ್ಷೆ ಸೋಮವಾರ. ಸೆರೆಯಲ್ಲಿದ್ದು ಕೋಟೆ ಕಟ್ಟಿಸಿದ ಬಗೆಯನ್ನು ತಾವೇ ಎರಡು ಸಾಲು ಬರೆದು ಕಳಿಸಿದರೆ ಹುಡುಗ ಬದುಕಿಕೊಳ್ಳುತ್ತಾನೆ. ಇಂಗ್ಲಿಷಿನಲ್ಲಿದ್ದರೆ ಒಳ್ಳೆಯದು. ಎರಡು ಕಾಲಮ್ಮಿನಲ್ಲಿ.

ಇತಿ ತಮ್ಮ ವಿಧೇಯ,
ಕುಮಟಾದ ಮೇಷ್ಟ್ರು