ವಿಳಾಸದಾನ ಮೀಮಾಂಸೆ

ಜಾಲವನ್ನು ಸೇರಬಯಸುವ ಯಾವ ಯಂತ್ರಕ್ಕೂ ಐಪಿ ವಿಳಾಸವೆಂಬ ಗುರುತು ದೊರೆಯದೆ ಗತಿಯಿಲ್ಲವೆಂಬಲ್ಲಿ ಎಲ್ಲ ದರ್ಶನಗಳಿಗೂ ಸಹಮತವಿದ್ದು, ಆ ಗುರುತನ್ನು ಯಾರು, ಎಷ್ಟು ಕಾಲಕ್ಕೆ ಕೊಡಬೇಕೆಂಬುದರಲ್ಲಿ ಮಾತ್ರ ವಿವಾದವಿದೆ. ಪ್ರತಿ ಯಂತ್ರದ ಬಳಿಗೂ ಹೋಗಿ ಕೈಯಾರೆ ಬರೆದಿಡಬೇಕೆಂಬುದು ಪೂರ್ವಪಕ್ಷ. ಒಂದೇ ವಿಳಾಸವನ್ನು ಎರಡು ಯಂತ್ರಗಳಿಗೆ ಬರೆದು, ಲೆಕ್ಕದ ಪುಸ್ತಕವನ್ನು ಬೀರುವಿನಲ್ಲಿಟ್ಟು, ಬೀರುವಿನ ಬೀಗದ ಕೈಯೊಡನೆ ನಿವೃತ್ತರಾದ ಆಚಾರ್ಯರಿಂದ ಈ ಪಕ್ಷ ದುರ್ಬಲವಾಯಿತು. ಯಂತ್ರ ಕೇಳಿದಾಗ ಸರ್ವರ್ ಎಂಬ ದಾತನೇ ಗಡುವಿಟ್ಟು ಕೊಡಬೇಕೆಂಬ ಸಿದ್ಧಾಂತಪಕ್ಷವು 1985ರ ಬೂಟ್‌ಪಿಯಲ್ಲಿ ಬೀಜರೂಪದಲ್ಲಿದ್ದು, 1993ರಲ್ಲಿ ಡಿಎಚ್‌ಸಿಪಿ ಎಂಬ ಹೆಸರು ಪಡೆದು, 1997ರಲ್ಲಿ ರಾಲ್ಫ್ ಡ್ರೋಮ್ಸ್ ಬರೆದ ಆರ್‌ಎಫ್‌ಸಿ 2131ರಲ್ಲಿ ನೆಲೆಗೊಂಡಿತು. ಈ ಮೂಲಗ್ರಂಥವನ್ನು ಉದ್ಧರಿಸುವವರು ಹೇರಳ, ಓದಿದವರು ವಿರಳ.

ದಾನವಿಧಿಗೆ ನಾಲ್ಕು ಅಂಗಗಳು. ಆಗತಾನೆ ಎಚ್ಚೆತ್ತ ಯಂತ್ರವು ತನಗಿನ್ನೂ ಹೆಸರಿಲ್ಲದ ಕಾರಣ 0.0.0.0 ಎಂಬ ಶೂನ್ಯಗೋತ್ರವನ್ನು ಹೇಳಿಕೊಂಡು, ಎಲ್ಲರನ್ನೂ ಕುರಿತ 255.255.255.255ಕ್ಕೆ ಕೂಗಿಕೊಳ್ಳುವುದು ಡಿಸ್ಕವರ್. 67ನೆಯ ಪೋರ್ಟ್‌ನಲ್ಲಿ ಕಿವಿಗೊಟ್ಟು ಕುಳಿತ ಸರ್ವರ್ ತನ್ನ ಪೂಲ್ ಎಂಬ ಭಂಡಾರದಿಂದ ಒಂದು ವಿಳಾಸವನ್ನು ತೆಗೆದು ತೋರುವುದು ಆಫರ್. ಅದನ್ನೇ ದಯಪಾಲಿಸಿರೆಂದು ಯಂತ್ರ ಮತ್ತೆ ಎಲ್ಲರಿಗೂ ಕೇಳುವಂತೆ ಬೇಡುವುದು ರಿಕ್ವೆಸ್ಟ್. ಕೊಟ್ಟೆನೆಂದು ಧಾರೆಯೆರೆಯುವುದು ಅಕ್ನಾಲೆಜ್. ಮೂರನೆಯದು ಪುನರುಕ್ತಿದೋಷವೆಂದು ಅವಸರದ ಪಂಡಿತರು ಆಕ್ಷೇಪಿಸುವುದುಂಟು. ಆದರೆ ಒಂದೇ ಕೂಗಿಗೆ ಎರಡು ಸರ್ವರ್‌ಗಳು ಓಗೊಟ್ಟಾಗ, ಆಯ್ಕೆಯಾಗದ ಸರ್ವರ್ ತಾನು ಎತ್ತಿಟ್ಟ ವಿಳಾಸವನ್ನು ಭಂಡಾರಕ್ಕೆ ಮರಳಿಸಲು ಈ ಬಹಿರಂಗ ಘೋಷಣೆಯೇ ಆಧಾರ. ಆ ಎರಡರಲ್ಲೊಂದು, ಯಾರೋ ಮನೆಯಿಂದ ತಂದು ಕಚೇರಿಯ ಜಾಲಕ್ಕೆ ಸಿಕ್ಕಿಸಿದ ವೈಫೈ ರೌಟರ್ ಆಗಿರುವುದೂ ಉಂಟು. ಇಂಥ ಪಾಷಂಡ ಮತದ ಖಂಡನೆಗೆ ಡಿಎಚ್‌ಸಿಪಿ ಸ್ನೂಪಿಂಗ್ ಎಂಬ ವಿಧಿಯಿದ್ದು, ನಂಬಿಕೆಯ ಪೋರ್ಟ್‌ಗಳನ್ನು ಬಿಟ್ಟು ಉಳಿದೆಡೆಯಿಂದ ಬಂದ ಆಫರ್‌ಗಳನ್ನು ಸ್ವಿಚ್ ತಳ್ಳಿಹಾಕುತ್ತದೆ. ಯಾರೂ ಓಗೊಡದಿದ್ದಾಗ 169.254ರಿಂದ ಮೊದಲಾಗುವ ವಿಳಾಸವನ್ನು ತನಗೆ ತಾನೇ ಇಟ್ಟುಕೊಳ್ಳುವ ಯಂತ್ರವು ಸ್ವಯಂಭೂ ಎನಿಸಿದರೂ ಅದಕ್ಕೆ ಅಂತರ್ಜಾಲದ ದರ್ಶನಭಾಗ್ಯವಿಲ್ಲ.

ದಾನವೆಂದು ಗೌರವಕ್ಕೆ ಕರೆದರೂ ಇದು ವಸ್ತುತಃ ಲೀಸ್, ಅಂದರೆ ಗಡುವಿನ ಗುತ್ತಿಗೆ. ಗಡುವಿನ ಅರ್ಧ ಕಳೆದಾಗ ಕೊಟ್ಟ ಸರ್ವರನ್ನೇ ನವೀಕರಣ ಕೇಳತಕ್ಕದ್ದು. ಎಂಟರಲ್ಲಿ ಏಳು ಪಾಲು ಕಳೆದರೂ ಉತ್ತರವಿಲ್ಲವಾದರೆ ಅಭಿಮಾನ ಬಿಟ್ಟು ಎಲ್ಲ ಸರ್ವರ್‌ಗಳನ್ನೂ ಬೇಡತಕ್ಕದ್ದು. ಪ್ರಿಂಟರಿಗೆ ಮಾತ್ರ, ಅದರ ಮ್ಯಾಕ್ ಎಂಬ ಹುಟ್ಟುಗುರುತನ್ನು ಸರ್ವರಿನಲ್ಲಿ ಬರೆದು, ಒಂದೇ ವಿಳಾಸವನ್ನು ಕಾದಿರಿಸುವುದು ಶಿಷ್ಟಾಚಾರ.

ಗಡುವು ಎಷ್ಟಿರಬೇಕೆಂಬುದೇ ಈ ಶಾಸ್ತ್ರದ ಮರ್ಮ. 192.168.1ರ ಜಾಲದಲ್ಲಿ ಬಳಕೆಗೆ ಬರುವ ವಿಳಾಸಗಳು 254, ರೌಟರಿನ ಪಾಲು ಕಳೆದರೆ 253. ಒಂದು ದಿನದ ಗಡುವಿಟ್ಟ ಕಲ್ಯಾಣಮಂಟಪದಲ್ಲಿ ಆರತಕ್ಷತೆಗೆ ಬಂದವರ ಫೋನುಗಳೇ ಭಂಡಾರವನ್ನು ಬರಿದುಮಾಡಿರಲು, ಮರುದಿನ ಮುಹೂರ್ತಕ್ಕೆ ಹೊಸದಾಗಿ ಬಂದ ಬಂಧುಗಳು ಅಕ್ಷತೆ ಹಿಡಿದುಕೊಂಡೇ ವೈಫೈಯನ್ನು ಶಪಿಸುತ್ತಾರೆ. ವಿಳಾಸವನ್ನು ಹಿಂದಿರುಗಿಸಲು ರಿಲೀಸ್ ಎಂಬ ಸಂದೇಶವೇನೋ ಇದೆ. ಆದರೆ ಪಾಯಸ ಉಂಡು, ತಾಂಬೂಲ ಪಡೆದು ಹೊರಟವರ ಫೋನುಗಳಿಂದ ಅದನ್ನು ನಿರೀಕ್ಷಿಸುವುದು ಲೋಕಾನುಭವಕ್ಕೆ ವಿರುದ್ಧ. ಜಾಲದ ವ್ಯಾಪ್ತಿಯನ್ನು ಗೊತ್ತುಪಡಿಸುವ ಸಬ್‌ನೆಟ್ ಮಾಸ್ಕನ್ನು ಒಂದು ಬಿಟ್ ಸಡಿಲಿಸಿದರೆ ವಿಳಾಸಗಳು 510 ಆಗುವುವೆಂಬ ಪ್ರತಿವಾದ ಯುಕ್ತವಾದರೂ ಅತಿಥಿಗಳ ಪಟ್ಟಿ ಅದಕ್ಕಿಂತ ವೇಗವಾಗಿ ಬೆಳೆಯುತ್ತದೆ. ಆದ್ದರಿಂದ ಮಂಟಪದ ಯಜಮಾನರು ರೌಟರಿನ ಸೆಟ್ಟಿಂಗ್ಸ್ ತೆರೆದು, ಗಡುವಿನ ಸ್ಥಾನದಲ್ಲಿ 86400 ಸೆಕೆಂಡು ಎಂದಿರುವುದನ್ನು ಅಳಿಸಿ, 3600 ಎಂದು ಬರೆದು, ಸೇವ್ ಒತ್ತತಕ್ಕದ್ದು.